ಚಿಕ್ಕೋಡಿ ಸೀಮೆಯಲ್ಲಿ ಕಿರುಸಾಲ ಮತ್ತು ಮಹಿಳಾ ಉದ್ದಿಮೆ

ಕಿರುಸಾಲ ಎಂದರೆ ಕಡಿಮೆ ವರಮಾನದ ಕುಟುಂಬಗಳಿಗೆ ಹೊಲ, ಮನೆ, ಬಂಗಾರ ಯಾವುದನ್ನೂ ಒತ್ತೆ ಇಟ್ಟುಕೊಳ್ಳದೆ ಕೊಡುವ ಸಣ್ಣ ಮೊತ್ತದ ಸಾಲ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಈ ಸಾಲದ ಬಹುಪಾಲು ಮಹಿಳೆಯರ ಹೆಸರಿನಲ್ಲೇ ನಡೆಯುತ್ತದೆ. ಹೈನುಗಾರಿಕೆ, ಚಪ್ಪಲಿ ತಯಾರಿಕೆ, ಹೊಲಿಗೆ, ರೊಟ್ಟಿ–ಹಪ್ಪಳ, ಕಿರಾಣಿ, ಬಳೆ ವ್ಯಾಪಾರ ಮೊದಲಾದ ಕಸುಬುಗಳಿಗೆ ಇದು ಬಂಡವಾಳ ಒದಗಿಸಿದೆ. ಸಾಲ ಮೇಲಿಂದ ಮೇಲೆ ಬಿದ್ದ ಮನೆಗಳಲ್ಲಿ ಇದೇ ಹೊರೆಯೂ ಆಗಿದೆ. ಎರಡರ ನಡುವಿನ ವ್ಯತ್ಯಾಸವನ್ನು ಬಡ್ಡಿದರವೊಂದೇ ನಿರ್ಧರಿಸುವುದಿಲ್ಲ. ಕಸುಬಿನಿಂದ ಹಣ ಬರುವ ಕಾಲಕ್ಕೂ ಕಂತು ಕಟ್ಟುವ ದಿನಕ್ಕೂ ಹೊಂದಾಣಿಕೆ ಇದೆಯೇ ಎಂಬುದು ಅಷ್ಟೇ ಮುಖ್ಯ.

ಪ್ರದೇಶ

ಈ ಐದು ತಾಲ್ಲೂಕುಗಳು ಜಿಲ್ಲೆಯ ಉತ್ತರ ಭಾಗದಲ್ಲಿ, ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿವೆ ಅಥವಾ ಅದರ ಸಮೀಪದಲ್ಲಿವೆ. ಚಿಕ್ಕೋಡಿಯಿಂದ ನಿಪ್ಪಾಣಿ, ಅಥಣಿಯಿಂದ ಕಾಗವಾಡ ಬೇರ್ಪಟ್ಟು 2018ರಲ್ಲಿ ಹೊಸ ತಾಲ್ಲೂಕುಗಳಾದವು. ಐದೂ ಚಿಕ್ಕೋಡಿ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರು ಸಿಗುವಲ್ಲಿ ಕಬ್ಬೇ ಮುಖ್ಯ ಬೆಳೆ. ನಿಪ್ಪಾಣಿ ಬೀಡಿ ತಂಬಾಕಿಗೆ, ಅಥಣಿ ಚರ್ಮದ ಚಪ್ಪಲಿಗೆ, ಕಾಗವಾಡ ತಾಲ್ಲೂಕಿನ ಉಗಾರ ಸಕ್ಕರೆ ಕಾರ್ಖಾನೆಗೆ ಹೆಸರಾಗಿವೆ. ಕೊಲ್ಹಾಪುರ, ಇಚಲಕರಂಜಿ, ಮಿರಜ, ಸಾಂಗಲಿಯ ಪೇಟೆಗಳು ಇಲ್ಲಿಯವರಿಗೆ ಬೆಳಗಾವಿಯಷ್ಟೇ, ಕೆಲವು ಊರುಗಳಿಗೆ ಬೆಳಗಾವಿಗಿಂತಲೂ, ಹತ್ತಿರ. ಕನ್ನಡ, ಮರಾಠಿ ಎರಡೂ ದಿನಬಳಕೆಯ ಮಾತು. ಸರ್ಕಾರಿ ಕಾಗದದಲ್ಲಿ ‘ಸ್ವಸಹಾಯ ಸಂಘ’ ಎಂದಿರುವುದು ಹಳ್ಳಿಗಳಲ್ಲಿ ‘ಸಂಘ’ ಅಥವಾ ‘ಬಚತ್ ಗಟ್’ ಆಗಿ, ಸಾಲದ ಕಂತು ‘ಹಪ್ತೆ’ಯಾಗಿ ಕೇಳಿಬರುತ್ತದೆ.

ಕಬ್ಬಿನ ಆರ್ಥಿಕತೆಗೆ ತನ್ನದೇ ಲಯವಿದೆ. ಹಣ ವರ್ಷಕ್ಕೊಮ್ಮೆ, ಕಾರ್ಖಾನೆ ನುರಿಸುವ ಹಂಗಾಮಿನ ಸುತ್ತ ಬರುತ್ತದೆ. ಬಿಲ್ಲು ಸಾಮಾನ್ಯವಾಗಿ ಜಮೀನು ಯಾರ ಹೆಸರಿನಲ್ಲಿದೆಯೋ ಅವರ ಖಾತೆಗೆ, ಎಂದರೆ ಹೆಚ್ಚಾಗಿ ಗಂಡಸರ ಖಾತೆಗೆ ಜಮೆಯಾಗುತ್ತದೆ. ದಿನದ ಖರ್ಚು, ಮಕ್ಕಳ ಶಾಲೆ, ದವಾಖಾನೆಯ ಜವಾಬ್ದಾರಿ ಹೆಂಗಸರ ಮೇಲೆ ಉಳಿಯುತ್ತದೆ. ಹೊಲವಿಲ್ಲದ ಮನೆಗಳಲ್ಲಿ ಕೂಲಿಯೇ ಆಧಾರ. ಹೆಂಗಸರ ಕೈಗೆ ವಾರಕ್ಕೊಮ್ಮೆಯಾದರೂ ಹಣ ತಂದುಕೊಡುವ ಕಸುಬು ಬೇಕೆನಿಸುವುದಕ್ಕೂ, ಅದಕ್ಕೆ ಸಣ್ಣ ಸಾಲ ಹುಡುಕುವುದಕ್ಕೂ ಮೂಲ ಕಾರಣ ಈ ವ್ಯವಸ್ಥೆಯಲ್ಲಿದೆ.

ಹಿನ್ನೆಲೆ

ಕಿರುಸಾಲದ ಸಂಸ್ಥೆಗಳು ಬರುವ ಮೊದಲೂ ಇಲ್ಲಿ ಸಾಲದ ದಾರಿಗಳಿದ್ದವು. ಬಂಗಾರ ಒತ್ತೆ ಇಡುವುದು, ಅಂಗಡಿಯಲ್ಲಿ ಉದ್ರಿ ಬರೆಸುವುದು, ನೂರಕ್ಕೆ ತಿಂಗಳಿಗೆ 5 ಅಥವಾ 10 ರೂಪಾಯಿ ಬಡ್ಡಿಗೆ ಕೈಸಾಲ ತರುವುದು ಸಾಮಾನ್ಯವಾಗಿತ್ತು. ಹೆಂಗಸರು ತಾವೇ ಕಟ್ಟಿಕೊಂಡ ವ್ಯವಸ್ಥೆ ‘ಭಿಶಿ’. ಹತ್ತು–ಹದಿನೈದು ಮಂದಿ ತಿಂಗಳಿಗೆ ಇಂತಿಷ್ಟು ಎಂದು ಹಾಕಿ, ಒಟ್ಟುಗೂಡಿದ ಮೊತ್ತವನ್ನು ಚೀಟಿ ಎತ್ತಿ ಸರದಿಯಂತೆ ಒಬ್ಬೊಬ್ಬರಿಗೆ ಕೊಡುತ್ತಾರೆ. ಹಂಡೆ, ಓಲೆ, ಹೊಲಿಗೆ ಯಂತ್ರ ಭಿಶಿಯ ಹಣದಲ್ಲಿ ಮನೆಗೆ ಬಂದದ್ದುಂಟು. ಗುಂಪಿನ ನಂಬಿಕೆಯೇ ಜಾಮೀನು ಎಂಬ ತತ್ವ ಈ ಸೀಮೆಗೆ ಹೊರಗಿನಿಂದ ಬರಬೇಕಾಗಿರಲಿಲ್ಲ.

ಸಹಕಾರ ಚಳವಳಿಯೂ ಇಲ್ಲಿ ಗಟ್ಟಿಯಾಗಿ ಬೇರೂರಿದೆ. ಹಾಲಿನ ಸಂಘ, ಸಕ್ಕರೆ ಕಾರ್ಖಾನೆ, ಪತ್ತಿನ ಸಂಘಗಳಿಲ್ಲದ ದೊಡ್ಡ ಊರು ಕಡಿಮೆ. 1997ರ ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆಯ ನಂತರ ಸೌಹಾರ್ದ ಸಹಕಾರಿಗಳೂ ಹುಟ್ಟಿಕೊಂಡವು. ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದಲ್ಲಿ ಕೇಂದ್ರ ಕಚೇರಿ ಹೊಂದಿರುವ ಬೀರೇಶ್ವರ ಕ್ರೆಡಿಟ್ ಸೊಸೈಟಿ ಹಲವು ಜಿಲ್ಲೆಗಳಿಗೆ ಹರಡಿದೆ. ಆದರೆ ಸಹಕಾರ ಸಂಘದ ಸಾಲಕ್ಕೆ ಪಹಣಿ, ಬಂಗಾರ ಅಥವಾ ಜಾಮೀನುದಾರರು ಬೇಕಾಗುತ್ತಿದ್ದರು. ತನ್ನ ಹೆಸರಿನಲ್ಲಿ ಏನೂ ಇಲ್ಲದ ಹೆಂಗಸಿಗೆ ಆ ಬಾಗಿಲು ಅರ್ಧ ಮಾತ್ರ ತೆರೆದಿತ್ತು.

ಆ ಕೊರತೆಯನ್ನು ತುಂಬಿದ್ದು ಸ್ವಸಹಾಯ ಸಂಘಗಳು. ಕರ್ನಾಟಕದ ಮೈರಾಡ ಸಂಸ್ಥೆ 1980ರ ದಶಕದ ನಡುವಿನಲ್ಲಿ ಇಂಥ ಗುಂಪುಗಳನ್ನು ಕಟ್ಟಿತು. 1987ರಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್ (ನಬಾರ್ಡ್) ಅದಕ್ಕೆ 10 ಲಕ್ಷ ರೂಪಾಯಿ ನೆರವು ಕೊಟ್ಟಿತು. ಆ ಅನುಭವದ ಮೇಲೆ 1992ರಲ್ಲಿ ದೇಶಾದ್ಯಂತ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುವಾಯಿತು. ಬಾಂಗ್ಲಾದೇಶದಲ್ಲಿ ಮುಹಮ್ಮದ್ ಯೂನುಸ್ 1976ರಲ್ಲಿ ಜೋಬ್ರಾ ಹಳ್ಳಿಯಲ್ಲಿ ಆರಂಭಿಸಿ, 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಗಿ ಬೆಳೆಸಿದ ಪದ್ಧತಿ ಇದಕ್ಕಿಂತ ಭಿನ್ನ. ಅಲ್ಲಿ ಸಂಸ್ಥೆಯೇ ಸಾಲ ಕೊಡುತ್ತದೆ, ಗುಂಪು ಹೊಣೆ ಹೊರುತ್ತದೆ. ಇಲ್ಲಿ ಗುಂಪು ಮೊದಲು ತಾನೇ ಉಳಿಸಿ, ತನ್ನೊಳಗೆ ಸಾಲ ಕೊಟ್ಟು ಪಳಗಿ, ಆಮೇಲೆ ಬ್ಯಾಂಕಿಗೆ ಹೋಗುತ್ತದೆ. ಐದು ತಾಲ್ಲೂಕುಗಳಲ್ಲಿ ಇಂದು ಎರಡೂ ಮಾದರಿಗಳು ಅಕ್ಕಪಕ್ಕದಲ್ಲೇ ನಡೆಯುತ್ತಿವೆ. ಒಬ್ಬಳೇ ಮಹಿಳೆ ಎರಡರಲ್ಲೂ ಸದಸ್ಯೆಯಾಗಿರುವುದು ಅಪರೂಪವಲ್ಲ.

ಸಾಲದ ಮೂಲಗಳು

ಸ್ವಸಹಾಯ ಸಂಘ. ಹತ್ತರಿಂದ ಇಪ್ಪತ್ತು ಸದಸ್ಯೆಯರ ಗುಂಪು. ನಿಯಮಿತ ಸಭೆ, ಉಳಿತಾಯ, ಒಳಸಾಲ, ಮರುಪಾವತಿ ಮತ್ತು ಲೆಕ್ಕಪುಸ್ತಕ ಇವು ಅದರ ‘ಪಂಚಸೂತ್ರ’. ರಾಜ್ಯ ಸರ್ಕಾರ 2000–01ರಲ್ಲಿ ಆರಂಭಿಸಿದ ಸ್ತ್ರೀಶಕ್ತಿ ಯೋಜನೆ ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಹಳ್ಳಿಹಳ್ಳಿಯಲ್ಲಿ ಸಂಘಗಳನ್ನು ಕಟ್ಟಿಸಿತು. ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ 2011ರಲ್ಲಿ ಬಂದ ನಂತರ ಕರ್ನಾಟಕದಲ್ಲಿ ಅದು ‘ಸಂಜೀವಿನಿ’ ಹೆಸರಿನಲ್ಲಿ ನಡೆಯುತ್ತಿದೆ. ಸಂಘಗಳು ಸೇರಿ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟವಾಗುತ್ತವೆ. ಒಕ್ಕೂಟಕ್ಕೆ ಬಂದ ಸಮುದಾಯ ಬಂಡವಾಳ ನಿಧಿಯಿಂದ ಸಂಘಗಳಿಗೂ, ಅಲ್ಲಿಂದ ಸದಸ್ಯೆಯರಿಗೂ ಸಾಲ ಇಳಿಯುತ್ತದೆ. ಬ್ಯಾಂಕುಗಳು ಸಂಘಕ್ಕೆ 10 ಲಕ್ಷ ರೂಪಾಯಿವರೆಗೆ ಯಾವ ಒತ್ತೆಯನ್ನೂ ಕೇಳುವಂತಿಲ್ಲ. 2021ರಲ್ಲಿ ಒತ್ತೆರಹಿತ ಸಾಲದ ಮಿತಿಯನ್ನು ಅಭಿಯಾನದಡಿಯ ಸಂಘಗಳಿಗೆ 20 ಲಕ್ಷಕ್ಕೆ ಏರಿಸಲಾಯಿತು. ಬಡ್ಡಿ ಸಹಾಯಧನವೂ ಇರುವುದರಿಂದ ಈ ದಾರಿಯ ಸಾಲವೇ ಸಾಮಾನ್ಯವಾಗಿ ಎಲ್ಲಕ್ಕಿಂತ ಅಗ್ಗ. ಈ ಭಾಗದಲ್ಲಿ ಸಂಘಗಳ ಜೋಡಣೆ ರಾಷ್ಟ್ರೀಕೃತ ಬ್ಯಾಂಕುಗಳು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್ ಮತ್ತು ಗ್ರಾಮೀಣ ಬ್ಯಾಂಕಿನ ಜತೆ ಇದೆ. ಬಹುಕಾಲ ಇಲ್ಲಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಂದು ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಯಿತು.

ಧರ್ಮಸ್ಥಳ ಯೋಜನೆ. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಹುಟ್ಟಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಕ್ರಮೇಣ ಉತ್ತರ ಕರ್ನಾಟಕಕ್ಕೂ ಬಂದಿತು. ಅದು ಬ್ಯಾಂಕುಗಳ ವ್ಯವಹಾರ ಪ್ರತಿನಿಧಿಯಾಗಿ ಸಂಘಗಳಿಗೆ ಸಾಲ ಕೊಡಿಸಿ, ವಾರದ ಕಂತಿನಲ್ಲಿ ವಸೂಲಿ ಮಾಡಿಕೊಡುತ್ತದೆ.

ಮೈಕ್ರೊಫೈನಾನ್ಸ್ ಕಂಪನಿಗಳು. ಬೆಂಗಳೂರಿನ ಬಳಿ 1999ರಲ್ಲಿ ಆರಂಭವಾದ ಗ್ರಾಮೀಣ ಕೂಟ (ಈಗ ಕ್ರೆಡಿಟ್‌ಆಕ್ಸೆಸ್ ಗ್ರಾಮೀಣ್) ರಾಜ್ಯದ ಇಂಥ ಸಂಸ್ಥೆಗಳಲ್ಲಿ ಮೊದಲಿನವುಗಳ ಸಾಲಿಗೆ ಸೇರುತ್ತದೆ. 2010ರಲ್ಲಿ ಆಂಧ್ರಪ್ರದೇಶದಲ್ಲಿ ಎದ್ದ ಕಿರುಸಾಲದ ಬಿಕ್ಕಟ್ಟಿನ ನಂತರ ರಿಸರ್ವ್ ಬ್ಯಾಂಕ್ ಮಾಲೇಗಾಂ ಸಮಿತಿಯ ವರದಿ ಪಡೆದು, 2011ರ ಕೊನೆಯಲ್ಲಿ ಇವುಗಳಿಗೆ ಪ್ರತ್ಯೇಕ ವರ್ಗವನ್ನೇ ರೂಪಿಸಿತು. ಸಣ್ಣ ಹಣಕಾಸು ಬ್ಯಾಂಕುಗಳೂ ಇದೇ ಕ್ಷೇತ್ರದಲ್ಲಿವೆ. ಕಂಪನಿಗಳು ಕೊಡುವುದು ಜಂಟಿ ಹೊಣೆಯ ಗುಂಪಿಗೆ. ಐದರಿಂದ ಹತ್ತು ಮಂದಿ ಸೇರಿ ಒಂದು ಗುಂಪಾಗುತ್ತಾರೆ. ಕೆಲವು ಗುಂಪುಗಳು ಸೇರಿದರೆ ಒಂದು ‘ಸೆಂಟರ್’. ಅಲ್ಲಿಗೆ ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ಅಥವಾ ತಿಂಗಳಿಗೊಮ್ಮೆ ಫೀಲ್ಡ್ ಆಫೀಸರ್ ಬಂದು ಕಂತು ಪಡೆಯುತ್ತಾರೆ. ಬ್ಯಾಂಕಿಗೆ ಹೋಲಿಸಿದರೆ ಕಾಗದಪತ್ರ ಕಡಿಮೆ, ಹಣ ಬೇಗ, ಬಡ್ಡಿ ಹೆಚ್ಚು.

ಸರ್ಕಾರಿ ಯೋಜನೆಗಳ ಸಾಲ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ‘ಉದ್ಯೋಗಿನಿ’ ಬ್ಯಾಂಕ್ ಮೂಲಕ 3 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಸಹಾಯಧನ ಒದಗಿಸುತ್ತದೆ. ಪರಿಶಿಷ್ಟ ಜಾತಿ–ಪಂಗಡದವರಿಗೆ ಅದು ಅರ್ಧದಷ್ಟು, ಉಳಿದವರಿಗೆ ಶೇ 30ರಷ್ಟು. 2015ರ ಏಪ್ರಿಲ್ 8ರಂದು ಆರಂಭವಾದ ಮುದ್ರಾ ಯೋಜನೆಯಲ್ಲಿ 50 ಸಾವಿರದವರೆಗಿನ ‘ಶಿಶು’, 5 ಲಕ್ಷದವರೆಗಿನ ‘ಕಿಶೋರ’, 10 ಲಕ್ಷದವರೆಗಿನ ‘ತರುಣ’ ಎಂಬ ಹಂತಗಳಿವೆ. ಸಂಘದಲ್ಲಿ ಪಳಗಿ, ಕಸುಬು ಬೆಳೆದ ಮಹಿಳೆಗೆ ಗುಂಪಿನಾಚೆ ಸ್ವಂತ ಹೆಸರಿನಲ್ಲಿ ಸಾಲ ಪಡೆಯುವ ಮೆಟ್ಟಿಲುಗಳು ಇವು.

ಬಡ್ಡಿ ಮತ್ತು ಕಂತಿನ ಲೆಕ್ಕ

ಸಾಲದ ನಿಜವಾದ ಬೆಲೆ ಒಂದು ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. 50,000 ರೂಪಾಯಿಯನ್ನು 24 ತಿಂಗಳ ಸಮಾನ ಕಂತುಗಳಲ್ಲಿ ತೀರಿಸಬೇಕೆಂದು ಇಟ್ಟುಕೊಳ್ಳೋಣ. ಉಳಿದ ಅಸಲಿನ ಮೇಲೆ ವಾರ್ಷಿಕ ಶೇ 12ರ ಬಡ್ಡಿಯಾದರೆ ತಿಂಗಳ ಕಂತು ಸುಮಾರು 2,354 ರೂಪಾಯಿ, ಒಟ್ಟು ಬಡ್ಡಿ ಸುಮಾರು 6,490 ರೂಪಾಯಿ. ಶೇ 24 ಆದರೆ ಕಂತು ಸುಮಾರು 2,644, ಬಡ್ಡಿ ಸುಮಾರು 13,450. ಅದೇ ಶೇ 24ನ್ನು ಅಸಲು ಕರಗುತ್ತ ಹೋದರೂ ಮೊದಲ ಮೊತ್ತದ ಮೇಲೇ ಹಾಕಿದರೆ ಬಡ್ಡಿ 24,000 ಮುಟ್ಟುತ್ತದೆ. ನೂರಕ್ಕೆ ತಿಂಗಳಿಗೆ 5 ರೂಪಾಯಿಯ ಕೈಸಾಲವಾದರೆ ಎರಡು ವರ್ಷದಲ್ಲಿ ಬಡ್ಡಿಯೊಂದೇ 60,000 ಆಗಿ, ಅಸಲು ಹಾಗೆಯೇ ನಿಂತಿರುತ್ತದೆ.

ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಕಂಪನಿಯ ಸಾಲ ದುಬಾರಿಯಾದರೂ ಕೈಸಾಲಕ್ಕಿಂತ ಬಹಳ ಅಗ್ಗ. ಎರಡನೆಯದಾಗಿ, ಶೇ 12 ಮತ್ತು ಶೇ 24ರ ನಡುವೆ ತಿಂಗಳ ಕಂತಿನ ಅಂತರ 300 ರೂಪಾಯಿಗೂ ಕಡಿಮೆ. ಹೀಗಾಗಿ ಬಹಳಷ್ಟು ಮಹಿಳೆಯರು ಬಡ್ಡಿದರಕ್ಕಿಂತ ಹಣ ಎಷ್ಟು ಬೇಗ ಕೈಸೇರುತ್ತದೆ, ಎಷ್ಟು ಸಲ ತಿರುಗಾಡಬೇಕು ಎಂಬುದನ್ನು ನೋಡಿ ಸಾಲ ಆರಿಸಿಕೊಳ್ಳುತ್ತಾರೆ. ಬ್ಯಾಂಕಿಗೆ ನಾಲ್ಕು ಸಲ ಹೋಗಿ ನಾಲ್ಕು ದಿನದ ಕೂಲಿ ಕಳೆದುಕೊಳ್ಳುವುದೂ ಅವರ ಲೆಕ್ಕದಲ್ಲಿ ಬಡ್ಡಿಯೇ.

ಉದ್ದಿಮೆಗಳು

ಹೈನುಗಾರಿಕೆ. ಈ ಸೀಮೆಯಲ್ಲಿ ಕಿರುಸಾಲಕ್ಕೆ ಅತ್ಯಂತ ಹೊಂದುವ ಕಸುಬು ಇದು. ಎಮ್ಮೆ ಅಥವಾ ಮಿಶ್ರತಳಿ ಆಕಳು ಕೊಳ್ಳಲು ಸಾಲ ಪಡೆದರೆ ಹಾಲು ಮರುದಿನವೇ ಡೇರಿಗೆ ಹೋಗುತ್ತದೆ, ಕೆಲವೇ ದಿನಗಳಿಗೊಮ್ಮೆ ಬಟವಾಡೆ ಬರುತ್ತದೆ. ಡೇರಿಯ ಬಿಲ್ಲು ಹೆಂಗಸಿನ ಹೆಸರಿನಲ್ಲೇ ಇದ್ದರೆ ಕಂತು ಕಟ್ಟುವುದು ಸಲೀಸು. ಹಾಲು ಉತ್ಪಾದಕರ ಸಹಕಾರ ಸಂಘಗಳ ಜತೆಗೆ ಗಡಿಯಾಚೆಯ ಡೇರಿಗಳೂ ಇಲ್ಲಿನ ಹಾಲಿಗೆ ಗಿರಾಕಿಗಳು. ಕಬ್ಬು ಕಡಿಯುವ ತಿಂಗಳುಗಳಲ್ಲಿ ಕಬ್ಬಿನ ತುದಿಯ ಹಸಿರು ಮೇವು ಧಾರಾಳವಾಗಿ ಸಿಗುವುದೂ ಅನುಕೂಲ. ಕಷ್ಟ ಬರುವುದು ಎಮ್ಮೆ ಗಬ್ಬವಾಗಿ ಹಾಲು ಬತ್ತಿದಾಗ. ಆ ಎರಡು–ಮೂರು ತಿಂಗಳು ಹಿಂಡಿ, ಮೇವಿನ ಖರ್ಚು ನಿಲ್ಲದು, ಕಂತೂ ನಿಲ್ಲದು. ಒಂದೇ ಸಾಲದಲ್ಲಿ ಎರಡು ಎಮ್ಮೆ ಒಟ್ಟಿಗೆ ತರುವ ಬದಲು, ಆರು ತಿಂಗಳ ಅಂತರದಲ್ಲಿ ಒಂದೊಂದನ್ನು ಕೊಂಡರೆ ಒಂದು ಬತ್ತಿದಾಗ ಇನ್ನೊಂದು ಹಿಂಡುತ್ತದೆ.

ಅಥಣಿಯ ಚಪ್ಪಲಿ. ಪೇಟೆಯಲ್ಲಿ ‘ಕೊಲ್ಹಾಪುರಿ’ ಎಂದು ಮಾರಾಟವಾಗುವ ಚಪ್ಪಲಿಗಳಲ್ಲಿ ಅಥಣಿ, ಮದಭಾವಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳ ಕೈಕೆಲಸದ ಪಾಲು ದೊಡ್ಡದು. ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ಚರ್ಮವನ್ನು ಮೊಳೆ ಬಳಸದೆ ಚರ್ಮದ ದಾರದಲ್ಲೇ ಹೊಲಿಯುವುದು ಇದರ ವಿಶೇಷ. ಅಟ್ಟೆ ಕತ್ತರಿಸುವುದು, ಜೋಡಿಸುವುದು ಹೆಚ್ಚಾಗಿ ಗಂಡಸರ ಕೆಲಸ. ಮೇಲಿನ ಪಟ್ಟಿಯ ಹೆಣಿಗೆ, ಜಡೆ, ಹೊಲಿಗೆ ಹೆಂಗಸರದು. ಆದರೂ ಬಹುಕಾಲ ಅವರ ದುಡಿಮೆಗೆ ಬೇರೆ ಕೂಲಿ ಇರಲಿಲ್ಲ. ಚರ್ಮವನ್ನು ಉದ್ರಿ ಕೊಟ್ಟ ವ್ಯಾಪಾರಿಯೇ ತಯಾರಾದ ಚಪ್ಪಲಿಯನ್ನು ತಾನು ಹೇಳಿದ ದರಕ್ಕೆ ಒಯ್ಯುತ್ತಿದ್ದ.

1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ‘ಅಸೆಂಟ್’ ಸಂಸ್ಥೆ, ಮಧುರಾ ಛತ್ರಪತಿ ಅವರ ಮುಂದಾಳತ್ವದಲ್ಲಿ, ರಾಷ್ಟ್ರೀಯ ಚರ್ಮೋದ್ಯಮ ಅಭಿವೃದ್ಧಿ ಕಾರ್ಯಕ್ರಮ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನೊಂದಿಗೆ ಅಥಣಿಯಲ್ಲಿ ಕೆಲಸ ಆರಂಭಿಸಿತು. ಚಪ್ಪಲಿ ಮಾಡುವ ಮನೆಗಳ ಹೆಂಗಸರನ್ನು ಸ್ವಸಹಾಯ ಸಂಘಗಳಲ್ಲಿ ಕೂಡಿಸಿ, ಅವುಗಳ ಮೇಲೆ ‘ಟೋಹೋಲ್ಡ್’ ಹೆಸರಿನ ಕುಶಲಕರ್ಮಿಗಳ ಕೂಟವನ್ನು ಕಟ್ಟಲಾಯಿತು. ಅಳತೆ, ವಿನ್ಯಾಸ, ಗುಣಮಟ್ಟದ ತರಬೇತಿ ಸಿಕ್ಕಿತು, ಚಪ್ಪಲಿಗಳು ವಿದೇಶಕ್ಕೂ ಹೋದವು. ಇಲ್ಲಿ ಸಂಘದ ಸಾಲ ಮಾಡಿದ ಮುಖ್ಯ ಕೆಲಸ ಚರ್ಮವನ್ನು ರೋಖಿಗೆ ಕೊಳ್ಳುವ ಶಕ್ತಿ ಕೊಟ್ಟದ್ದು. ಚರ್ಮ ತನ್ನದಾದಾಗ ಚಪ್ಪಲಿಯ ದರ ಮಾತಾಡುವ ಹಕ್ಕೂ ತನ್ನದಾಯಿತು. ಸಾಲದ ಜತೆ ಮಾರುಕಟ್ಟೆಯೂ ಬಂದದ್ದರಿಂದ ಈ ಪ್ರಯೋಗಕ್ಕೆ ಈ ಸೀಮೆಯ ಕಿರುಸಾಲದ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ.

ಕೊಲ್ಹಾಪುರಿ ಚಪ್ಪಲಿಗೆ ಮಹಾರಾಷ್ಟ್ರ ಮತ್ತು ಕರ್ನಾಟಕ ಎರಡಕ್ಕೂ ಸೇರಿದ ಭೌಗೋಳಿಕ ಸೂಚಿಕೆ (ಜಿಐ) ಮಾನ್ಯತೆ 2019ರಲ್ಲಿ ಪ್ರಕಟವಾಯಿತು. ಕರ್ನಾಟಕದಿಂದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳು ಅದರಲ್ಲಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಇದೇ ವಿನ್ಯಾಸದ ಪಾದರಕ್ಷೆಯನ್ನು ಮೂಲ ಹೇಳದೆ ಪ್ರದರ್ಶಿಸಿ ಟೀಕೆಗೆ ಗುರಿಯಾದಾಗ ಅಥಣಿಯ ಹೆಸರೂ ಸುದ್ದಿಗೆ ಬಂತು. ಕಸುಬಿನ ತೊಡಕು ಮಳೆಗಾಲ. ಚರ್ಮ ಒಣಗದು, ಚಪ್ಪಲಿ ಖರ್ಚಾಗದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈ ಬರಿದು. ವರ್ಷಪೂರ್ತಿ ಒಂದೇ ಅಳತೆಯ ಕಂತು ಈ ಕಸುಬಿಗೆ ಸರಿಹೋಗುವುದಿಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ಪಾದರಕ್ಷೆ ಕುಶಲಕರ್ಮಿಗಳನ್ನೂ ಸೇರಿಸಿಕೊಂಡು ಮೊದಲು 1 ಲಕ್ಷ, ಬಳಿಕ 2 ಲಕ್ಷ ರೂಪಾಯಿ ಸಾಲವನ್ನು ಶೇ 5ರ ಬಡ್ಡಿಗೆ ಕೊಡುತ್ತದೆ. ಕುಟುಂಬಕ್ಕೆ ಒಬ್ಬರಿಗೇ ಅವಕಾಶವಿರುವುದರಿಂದ, ಗಂಡ–ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಆ ಹೆಸರು ಯಾರದು ಎಂಬ ಪ್ರಶ್ನೆ ಏಳುತ್ತದೆ.

ನಿಪ್ಪಾಣಿಯ ಬೀಡಿ ಮತ್ತು ಅದರಾಚೆ. ತಂಬಾಕಿನ ವಖಾರುಗಳಲ್ಲಿ ಕುಟ್ಟುವ, ಜರಡಿ ಹಿಡಿಯುವ ಕೆಲಸ ಮತ್ತು ಮನೆಯಲ್ಲಿ ಬೀಡಿ ಕಟ್ಟುವ ಕೆಲಸ ನಿಪ್ಪಾಣಿಯ ಹೆಂಗಸರದು. 1980ರ ಸುಮಾರಿಗೆ ಸುಭಾಷ ಜೋಶಿ ಮೊದಲಾದವರ ಜತೆ ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘದಲ್ಲಿ ಅವರು ಸಂಘಟಿತರಾದರು. ಆ ಹೋರಾಟವನ್ನು ಯುಗಾಂತರ ಎಂಬ ಚಲನಚಿತ್ರ ತಂಡ 1982ರ ಸಾಕ್ಷ್ಯಚಿತ್ರದಲ್ಲಿ ದಾಖಲಿಸಿದೆ. ಒಟ್ಟಿಗೆ ಕೂತು ಮಾತಾಡುವ, ಲೆಕ್ಕ ಕೇಳುವ ಅಭ್ಯಾಸ ಇಲ್ಲಿ ಸಾಲದ ಗುಂಪುಗಳಿಗಿಂತ ಹಳೆಯದು. ಬೀಡಿ ಕಟ್ಟುವುದು ಉದ್ದಿಮೆಯಲ್ಲ, ಸಾವಿರಕ್ಕೆ ಇಷ್ಟು ಎಂಬ ಕೂಲಿ. ಬಂಡವಾಳ, ಲಾಭ ಎರಡೂ ಮಾಲೀಕನವು. ಈ ಕೂಲಿಯಿಂದ ಸ್ವಂತ ಕಸುಬಿಗೆ ದಾಟಲು ಹೊಲಿಗೆ ಯಂತ್ರ, ಹಿಟ್ಟಿನ ಗಿರಣಿ, ಸಣ್ಣ ಕಿರಾಣಿ ಅಂಗಡಿಗೆ ಕಿರುಸಾಲ ನೆರವಾಗುತ್ತದೆ. ದಾಟಿದವರೂ ಕೆಲವು ಕಾಲ ಬೀಡಿಯನ್ನು ಬಿಡುವುದಿಲ್ಲ, ಏಕೆಂದರೆ ವಾರದ ಕಂತಿಗೆ ಆ ಕೂಲಿಯೇ ಆಸರೆ.

ತಿನಿಸು, ಹೊಲಿಗೆ, ಸಂತೆ. ಖಡಕ್ ರೊಟ್ಟಿ, ಶೇಂಗಾ ಮತ್ತು ಗುರೆಳ್ಳು ಚಟ್ನಿ, ಹಪ್ಪಳ, ಸಂಡಿಗೆ, ಶಾವಿಗೆ, ಮಸಾಲೆ ಖಾರ ಸಂಘಗಳ ಸಾಮಾನ್ಯ ಉತ್ಪನ್ನಗಳು. ಇವಕ್ಕೆ ಬಂಡವಾಳ ಕಡಿಮೆ. ಅಡಚಣೆ ಇರುವುದು ಮಾರಾಟದಲ್ಲಿ. ಓಣಿಯ ಗಿರಾಕಿಗಳನ್ನು ಮೀರಿ ಅಂಗಡಿಗೆ ಹೋಗಬೇಕಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ, ಒಂದೇ ಹದ, ಒಳ್ಳೆಯ ಪ್ಯಾಕಿಂಗ್ ಬೇಕು. 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣೆ ಯೋಜನೆ (ಪಿಎಂಎಫ್‌ಎಂಇ) ಘಟಕದ ವೆಚ್ಚಕ್ಕೆ ಶೇ 35ರ ಸಹಾಯಧನವನ್ನೂ, ಸಂಘದ ಪ್ರತಿ ಸದಸ್ಯೆಗೆ 40,000 ರೂಪಾಯಿವರೆಗೆ ಆರಂಭಿಕ ಬಂಡವಾಳವನ್ನೂ ಕೊಡುತ್ತದೆ. ಅದರಲ್ಲಿ ಬೆಳಗಾವಿ ಜಿಲ್ಲೆಯ ಉತ್ಪನ್ನವೆಂದು ಗುರುತಿಸಿರುವುದು ಬೆಲ್ಲ. ಕುಬಸ ಹೊಲಿಯುವ, ಸೀರೆಗೆ ಫಾಲ್ ಹಚ್ಚುವ ಕೆಲಸಕ್ಕೆ ಮದುವೆಯ ದಿನಗಳು, ದೀಪಾವಳಿ ಮತ್ತು ಶಾಲೆ ತೆರೆಯುವ ಜೂನ್ ಸುಗ್ಗಿ. ಬಳೆ, ಕುಂಕುಮ–ಭಂಡಾರ, ಆಟಿಕೆ ಮಾರುವವರಿಗೆ ಜಾತ್ರೆಯೇ ಹಂಗಾಮು. ಭಾರತ ಹುಣ್ಣಿಮೆಗೆ ಸೇರುವ ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಎರಡೂ ರಾಜ್ಯಗಳಿಂದ ಲಕ್ಷಗಟ್ಟಲೆ ಜನ ಬರುತ್ತಾರೆ. ಇಂಥ ವ್ಯಾಪಾರಕ್ಕೆ ಎರಡು ವರ್ಷದ ದೊಡ್ಡ ಸಾಲಕ್ಕಿಂತ, ಜಾತ್ರೆಗೆ ಮುಂಚೆ ಪಡೆದು ಜಾತ್ರೆ ಮುಗಿದೊಡನೆ ತೀರಿಸುವ ಸಂಘದ ಒಳಸಾಲ ಹೆಚ್ಚು ಉಪಯುಕ್ತ. 2023ರ ಜೂನ್ 11ರಿಂದ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವಿರುವುದು ಸಂತೆಯಿಂದ ಸಂತೆಗೆ ಹೋಗುವವರ ಖರ್ಚನ್ನು ತಗ್ಗಿಸಿದೆ.

ಮಾಜಿ ದೇವದಾಸಿಯರ ಸಂಘಟನೆ

ಅಥಣಿ, ರಾಯಬಾಗ, ಚಿಕ್ಕೋಡಿ ತಾಲ್ಲೂಕುಗಳು ದೇವದಾಸಿ ಪದ್ಧತಿಯಿಂದ ನೊಂದ ಪ್ರದೇಶಗಳು. ಪದ್ಧತಿಯನ್ನು ನಿಷೇಧಿಸುವ ರಾಜ್ಯದ ಕಾಯ್ದೆ 1982ರದು. ಆದರೆ ಬದುಕಿಗೆ ಬೇರೆ ದಾರಿಯಿಲ್ಲದೆ ನಿಷೇಧ ಪೂರ್ಣವಾಗುವಂತಿರಲಿಲ್ಲ. 1990ರ ದಶಕದಲ್ಲಿ ಮಹಿಳಾ ಅಭಿವೃದ್ಧಿ ನಿಗಮ ಮತ್ತು ಮೈರಾಡ ಘಟಪ್ರಭಾ ಪಟ್ಟಣವನ್ನು ಕೇಂದ್ರವಾಗಿಸಿಕೊಂಡು ಮಾಜಿ ದೇವದಾಸಿಯರ ಸಂಘಗಳನ್ನು ಕಟ್ಟಿದವು. 1997ರಲ್ಲಿ ಆ ಮಹಿಳೆಯರದೇ ಸಂಸ್ಥೆಯಾಗಿ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ (ಮಾಸ್) ರೂಪುಗೊಂಡಿತು. ಕುರಿ–ಆಡು, ಎಮ್ಮೆ, ಸಣ್ಣ ಅಂಗಡಿಗಳಿಗೆ ಸಂಘದ ಸಾಲ ಒದಗಿತು. ಅದರ ಜತೆ ಕಾನೂನು ನೆರವು, ಮಕ್ಕಳ ಶಿಕ್ಷಣ, ಆರೋಗ್ಯದ ಕೆಲಸವೂ ನಡೆಯಿತು. ಸಂಸ್ಥೆಯನ್ನು ಮುನ್ನಡೆಸಿದ ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಗಂಡನ ಸಹಿ, ಮನೆಯ ಪಹಣಿ ಕೇಳುವ ಯಾವ ಸಾಲವೂ ತಲುಪದ ಹೆಂಗಸರಿಗೆ ಗುಂಪಿನ ಮಾತನ್ನೇ ಜಾಮೀನಾಗಿ ಒಪ್ಪುವ ಸಾಲ ಎಷ್ಟು ದೊಡ್ಡದೆಂಬುದಕ್ಕೆ ಇದು ಈ ಸೀಮೆಯ ಪ್ರಬಲ ನಿದರ್ಶನ.

ಪರಿಣಾಮ

ಸಾಲದಿಂದ ಆಗುವ ಬದಲಾವಣೆ ಮೊದಲು ಕಾಣುವುದು ಸಣ್ಣ ಸಂಗತಿಗಳಲ್ಲಿ. ಬ್ಯಾಂಕ್ ಖಾತೆ, ಪ್ಯಾನ್ ಕಾರ್ಡು, ಸಹಿ ಮಾಡುವ ರೂಢಿ, ಸಭೆಯಲ್ಲಿ ಎದ್ದು ಮಾತಾಡುವ ಧೈರ್ಯ ಇವೆಲ್ಲ ಸಂಘದ ಸದಸ್ಯತ್ವದ ಜತೆ ಬಂದವು. ಸಂಜೀವಿನಿಯಲ್ಲಿ ಮುಖ್ಯ ಪುಸ್ತಕ ಬರಹಗಾರ್ತಿ, ಕೃಷಿ ಸಖಿ, ಪಶು ಸಖಿ, ಬ್ಯಾಂಕ್ ಸಖಿಯರಾಗಿ ದುಡಿಯುವವರು ಸಂಘದೊಳಗಿಂದಲೇ ಬೆಳೆದವರು.

ಆದಾಯದ ಮೇಲಿನ ಪರಿಣಾಮದ ಬಗ್ಗೆ ಅಧ್ಯಯನಗಳು ಸಂಯಮದಿಂದ ಮಾತಾಡುತ್ತವೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಹೈದರಾಬಾದಿನ 104 ಬಡಾವಣೆಗಳಲ್ಲಿ ಅರ್ಧದಷ್ಟಕ್ಕೆ ಮೊದಲು ಸಾಲ ತಲುಪಿಸಿ ಹೋಲಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೊದಲೇ ಕಸುಬು ಇದ್ದವರಿಗೆ ಸಾಲ ನೆರವಾಯಿತು. ಆದರೆ ಸರಾಸರಿ ಕುಟುಂಬದ ಖರ್ಚು ಹೆಚ್ಚಲಿಲ್ಲ, ಮನೆಯಲ್ಲಿ ಹೆಂಗಸಿನ ಮಾತಿನ ತೂಕವೂ ಗಮನಾರ್ಹವಾಗಿ ಬದಲಾಗಲಿಲ್ಲ. ಕೋಲ್ಕತ್ತದಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಚಿಕ್ಕೋಡಿ ಸೀಮೆಗೆ ಇನ್ನೂ ಹತ್ತಿರದ ಪಾಠ ಹೇಳುತ್ತದೆ. ಅಲ್ಲಿ ಕೆಲವರಿಗೆ ಮೊದಲ ಕಂತನ್ನು ಎರಡು ವಾರದ ಬದಲು ಎರಡು ತಿಂಗಳ ನಂತರ ಕಟ್ಟಲು ಬಿಡಲಾಯಿತು. ಅವರು ಕಸುಬಿನಲ್ಲಿ ಹೆಚ್ಚು ಹಣ ಹೂಡಿದರು, ಮೂರು ವರ್ಷದ ಬಳಿಕ ಅವರ ಲಾಭವೂ ಹೆಚ್ಚಿತ್ತು. ಜತೆಗೆ ಸುಸ್ತಿದಾರರ ಸಂಖ್ಯೆಯೂ ಏರಿತ್ತು. ಕಂತಿನ ಬಿಗಿ ವೇಳಾಪಟ್ಟಿ ಸಂಸ್ಥೆಯ ಹಣವನ್ನು ಕಾಯುತ್ತದೆ. ಅದೇ ಬಿಗಿ, ನಿಧಾನವಾಗಿ ಫಲ ಕೊಡುವ ಕಸುಬಿಗೆ ಕೈಹಾಕದಂತೆ ಸಾಲಗಾರರನ್ನು ತಡೆಯುತ್ತದೆ.

ಹೆಂಗಸಿನ ಹೆಸರಿನ ಸಾಲವೆಲ್ಲ ಹೆಂಗಸಿನ ಕಸುಬಿಗೇ ಹೋಗುವುದಿಲ್ಲ. ಗಂಡನ ಆಟೊ, ಹೊಲದ ಬೋರ್‌ವೆಲ್, ಮಗಳ ಮದುವೆ, ಆಸ್ಪತ್ರೆ, ಹಳೆಯ ಸಾಲದ ತೀರಿಕೆ ಇವಕ್ಕೂ ಹೋಗುತ್ತದೆ. ಒಂದೇ ಮನೆಯಲ್ಲಿ ಎರಡು ಉದ್ದಿಮೆಗಳಿದ್ದರೆ ಬಂಡವಾಳ ಗಂಡಸಿನ ಕಡೆಗೆ ಹರಿಯುತ್ತದೆಂದು ಭಾರತ, ಶ್ರೀಲಂಕಾ, ಘಾನಾ ದೇಶಗಳ ಅಂಕಿಅಂಶಗಳನ್ನು ಪರಿಶೀಲಿಸಿದ ಸಂಶೋಧಕರು ತೋರಿಸಿದ್ದಾರೆ. ಅಂಥಲ್ಲಿ ಕಂತಿನ ಹೊಣೆ ಮಾತ್ರ ಅವಳಿಗೆ ಉಳಿಯುತ್ತದೆ.

ಬಿಕ್ಕಟ್ಟು ಮತ್ತು ನಿಯಂತ್ರಣ

ಈ ಭಾಗದ ಸಾಲಗಾರರಿಗೆ ದೊಡ್ಡ ಪೆಟ್ಟು ಕೊಟ್ಟದ್ದು ನೆರೆ. 2005, 2019 ಮತ್ತು 2021ರಲ್ಲಿ ಕೃಷ್ಣೆ ಮತ್ತು ಅದರ ಉಪನದಿಗಳು ಉಕ್ಕಿ ಐದೂ ತಾಲ್ಲೂಕುಗಳ ನದಿದಂಡೆಯ ಊರುಗಳಿಗೆ ನುಗ್ಗಿದವು. ನಡುವೆ 2020ರಲ್ಲಿ ಲಾಕ್‌ಡೌನ್ ಬಂದು ಸಂತೆ, ಜಾತ್ರೆಗಳು ನಿಂತವು. ಕಸುಬು ನಿಂತಾಗ ಒಂದು ಕಂಪನಿಯ ಕಂತಿಗೆ ಇನ್ನೊಂದರಿಂದ ಸಾಲ ಪಡೆಯುವುದು ಹೆಚ್ಚಿತು. ಗುಂಪಿನ ಜಂಟಿ ಹೊಣೆ ಇಂಥ ಹೊತ್ತಿನಲ್ಲಿ ಒತ್ತಾಸೆಯಾಗುವ ಬದಲು ಒತ್ತಡವಾಗುತ್ತದೆ. ಒಬ್ಬಳು ಕಟ್ಟದಿದ್ದರೆ ಉಳಿದವರು ತುಂಬಬೇಕು, ನೆರೆಹೊರೆಯವರೇ ವಸೂಲಿಗಾರರಾಗುತ್ತಾರೆ. ಕಮಿಷನ್ ಅಥವಾ ‘ಅರ್ಧ ಸಬ್ಸಿಡಿ’ಯ ಆಸೆ ತೋರಿಸಿ ಬೇರೆಯವರ ಹೆಸರಿನಲ್ಲಿ ಸಾಲ ಎತ್ತಿ ಹಣ ಒಯ್ಯುವ ವಂಚನೆಯೂ ಜಿಲ್ಲೆಯಲ್ಲಿ ನಡೆದಿದೆ. ಸಹಿ ಹಾಕಿದವಳ ಮೇಲೆಯೇ ಆ ಸಾಲ ನಿಲ್ಲುತ್ತದೆ.

ರಿಸರ್ವ್ ಬ್ಯಾಂಕಿನ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ವರಮಾನವಿರುವ ಕುಟುಂಬಕ್ಕೆ ಒತ್ತೆಯಿಲ್ಲದೆ ಕೊಡುವುದು ಕಿರುಸಾಲ. ಕುಟುಂಬದ ಎಲ್ಲ ಸಾಲಗಳ ಕಂತು ತಿಂಗಳ ಆದಾಯದ ಶೇ 50 ಮೀರಬಾರದು. ಬಡ್ಡಿ, ಶುಲ್ಕ, ವಿಮೆಯನ್ನು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡಬೇಕು. ಅವಧಿಗೆ ಮುಂಚೆ ತೀರಿಸಿದರೆ ದಂಡವಿಲ್ಲ. ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗಾಗಿ ಕರೆ ಮಾಡುವಂತಿಲ್ಲ. ನಿಗದಿತ ಜಾಗಕ್ಕೆ ಎರಡು ಅಥವಾ ಹೆಚ್ಚು ಸಲ ಸತತವಾಗಿ ಬಾರದಿದ್ದಾಗ ಮಾತ್ರ ಮನೆಗೆ ಹೋಗಬಹುದು. 2025ರ ಏಪ್ರಿಲ್‌ನಿಂದ ಒಬ್ಬರಿಗೆ ಮೂರಕ್ಕಿಂತ ಹೆಚ್ಚು ಸಂಸ್ಥೆಗಳು ಸಾಲ ಕೊಡಬಾರದು, ಒಟ್ಟು ಕಿರುಸಾಲ 2 ಲಕ್ಷ ದಾಟಬಾರದು ಎಂಬ ಕಟ್ಟಳೆಯನ್ನು ಕಂಪನಿಗಳ ಒಕ್ಕೂಟ ಹಾಕಿಕೊಂಡಿದೆ.

2025ರ ಆರಂಭದಲ್ಲಿ ಬೆಳಗಾವಿಯೂ ಸೇರಿ ಹಲವು ಜಿಲ್ಲೆಗಳಿಂದ ವಸೂಲಿ ಕಿರುಕುಳದ ದೂರುಗಳು, ಆತ್ಮಹತ್ಯೆಯ ಸುದ್ದಿಗಳು ಬಂದಾಗ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿ, ಫೆಬ್ರುವರಿ 12ರಂದು ಅಂಕಿತ ಹಾಕಿದರು. ಮಾರ್ಚ್‌ನಲ್ಲಿ ಮಸೂದೆಗೆ ಶಾಸಕಾಂಗ ಒಪ್ಪಿಗೆ ಕೊಟ್ಟಿತು. ನೋಂದಣಿಯಿಲ್ಲದವರು ಕೊಟ್ಟ ಸಾಲವನ್ನು ತೀರಿದಂತೆಯೇ ಪರಿಗಣಿಸುವ, ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆ ಮತ್ತು 5 ಲಕ್ಷದವರೆಗೆ ದಂಡ ವಿಧಿಸುವ ಅವಕಾಶ ಅದರಲ್ಲಿದೆ. ಬ್ಯಾಂಕುಗಳಿಗೂ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಕಂಪನಿಗಳಿಗೂ ಕೊಡಬೇಕಾದ ಸಾಲ ಇದರಿಂದ ಮನ್ನಾ ಆಗುವುದಿಲ್ಲ.

ಮೌಲ್ಯಮಾಪನ

ಐದು ತಾಲ್ಲೂಕುಗಳ ಅನುಭವದಲ್ಲಿ ಕಿರುಸಾಲ ಗೆದ್ದಿರುವುದು ಮೂರು ಸಂದರ್ಭಗಳಲ್ಲಿ: ಹಾಲಿನಂತೆ ಆದಾಯ ಬೇಗ ಮತ್ತು ಮೇಲಿಂದ ಮೇಲೆ ಬರುವಲ್ಲಿ, ಅಥಣಿಯ ಚಪ್ಪಲಿಯಂತೆ ಸಾಲದ ಜತೆ ಕೌಶಲ ಮತ್ತು ಮಾರುಕಟ್ಟೆ ಸೇರಿಕೊಂಡಲ್ಲಿ, ಮಾಜಿ ದೇವದಾಸಿಯರ ಸಂಘಗಳಂತೆ ಹಣಕ್ಕಿಂತ ಮೊದಲು ಸಂಘಟನೆ ಬಲಗೊಂಡಲ್ಲಿ. ಆದಾಯ ಹಂಗಾಮಿನದಾಗಿ ಕಂತು ವಾರದ್ದಾದಾಗ, ಮೊದಲ ಸಾಲ ತೀರುವ ಮುಂಚೆ ಮೂರನೆಯದು ಬಂದಾಗ ಅದು ಸೋತಿದೆ. ಹೊಸದಾಗಿ ಕಸುಬು ಹೂಡುವವರು ಮೊದಲು ಸಂಘದ ಉಳಿತಾಯ ಮತ್ತು ಒಳಸಾಲ, ಆಮೇಲೆ ಬ್ಯಾಂಕ್ ಜೋಡಣೆ ಅಥವಾ ಸಹಾಯಧನದ ಯೋಜನೆ, ಕೊನೆಗೆ ಅಗತ್ಯವಿದ್ದರೆ ಮಾತ್ರ ಕಂಪನಿಯ ಸಾಲ ಎಂಬ ಕ್ರಮ ಹಿಡಿದರೆ ಬಡ್ಡಿ ಕಡಿಮೆಯಾಗುತ್ತದೆ, ಅಪಾಯವೂ ತಗ್ಗುತ್ತದೆ. ಸಾಲ ಕೊಡುವ ಸಂಸ್ಥೆಗಳು ಚಪ್ಪಲಿಯವರಿಗೆ ಮಳೆಗಾಲದ ಬಿಡುವು, ಹೈನದವರಿಗೆ ಹಾಲು ಬತ್ತಿದ ತಿಂಗಳ ರಿಯಾಯಿತಿ ಕೊಡುವಂತೆ ಕಂತನ್ನು ಕಸುಬಿಗೆ ತಕ್ಕಂತೆ ಹೊಂದಿಸಬೇಕಾದ ಕೆಲಸ ಇನ್ನೂ ಬಾಕಿ ಇದೆ.